ಉಗ್ರಾಣಿಗಳ ವೈಫೈ ತಪಾಸಣೆ

"ಇವತ್ತು ಸಂಜೆಯೊಳಗೆ ಕಳ್ಳನನ್ನ ಹಿಡೀದಿದ್ರೆ ನಾನು ಉಗ್ರಾಣಿಯೇ ಅಲ್ಲ!"

ಭಾನುವಾರ ಮಧ್ಯಾಹ್ನ ಹಾಲಿನ ನಟ್ಟನಡುವೆ ನಿಂತು ಉಗ್ರಾಣಿಗಳು ಹೀಗೆಂದು ಘೋಷಿಸಿದರು. ಕಾರ್ಖಾನೆಯೊಂದರ ಉಗ್ರಾಣ ಅವರ ವಶದಲ್ಲಿತ್ತು. ಅವರ ಸಹಿ ಇಲ್ಲದೆ ಅಲ್ಲಿಂದ ಒಂದು ಮೊಳೆಯೂ ಹೊರಗೆ ಕಾಲಿಡುತ್ತಿರಲಿಲ್ಲ. ಅಂಥವರ ಸ್ವಂತ ಮನೆಯಿಂದ ಇಂಟರ್ನೆಟ್ ಸೋರಿಹೋಗುವುದೆಂದರೇನು? ಫೋನಿನಲ್ಲಿ ವಾರ್ತೆ ಓದುವಾಕೆ ತೆರೆದ ಬಾಯಿ ಮುಚ್ಚುವಷ್ಟರಲ್ಲಿ ಇವರ ಕಾಫಿ ತಣ್ಣಗಾಗುತ್ತಿತ್ತು.

"ಯಾರೋ ನಮ್ಮ ವೈಫೈ ಕದೀತಿದ್ದಾರೆ ಕಣೇ," ಎಂದರು ಹೆಂಡತಿಗೆ. "ಮೇಲಿನ ಮನೆ ಹಲ್ಲಿನ ಡಾಕ್ಟರೇ ಇರಬೇಕು. ಮೆಟ್ಟಿಲ ಹತ್ರ ಸಿಕ್ಕಾಗಲೆಲ್ಲ ನನ್ನ ನೋಡಿ ನಗ್ತಾನೆ."

"ನಗೋದೂ ಕಳ್ಳತನವಾ? ರೀ, ನಾಲ್ಕು ಗಂಟೆಗೆ ನನ್ನ ಮೊದಲನೇ ಆನ್‌ಲೈನ್ ಹೊಲಿಗೆ ಕ್ಲಾಸು. ದಮ್ಮಯ್ಯ, ಏನನ್ನೂ ಮುಟ್ಟಬೇಡಿ."

"ಮುಟ್ಟೋದಿಲ್ಲ. ಬರೀ ತಪಾಸಣೆ."

ನಾಲ್ಕಕ್ಕೆ ಆಕೆ ಲ್ಯಾಪ್‌ಟಾಪ್ ಸಮೇತ ಕೋಣೆ ಸೇರಿ ಬಾಗಿಲು ಹಾಕಿಕೊಂಡರು. ಇತ್ತ ಉಗ್ರಾಣಿಗಳು ಸೋಫಾದಲ್ಲಿ ಕುಳಿತು ಫೋನಿನಲ್ಲಿ ರೌಟರ್‌ನ ಸೆಟ್ಟಿಂಗ್ಸ್ ಪುಟ ತೆರೆದರು. ರೌಟರ್ ಕೂರಿಸಿದ ಹುಡುಗ ಹೇಳಿದ್ದು ನೆನಪಿತ್ತು: ಹೆಸರೂ ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. ಪುಟ ತೆರೆದುಕೊಂಡಿತು. ಅದರಲ್ಲಿ ವೈಫೈಗೆ ಸೇರಿಕೊಂಡ ಏಳು ಸಾಧನಗಳ ಪಟ್ಟಿಯಿತ್ತು.

ಮನೆಯಲ್ಲಿದ್ದದ್ದು ಎರಡು ಫೋನು, ಒಂದು ಲ್ಯಾಪ್‌ಟಾಪು. ಉಳಿದ ನಾಲ್ಕು ಯಾರಪ್ಪನದು? ಅದರಲ್ಲೊಂದು ಟೀವಿ ಬೇರೆ! ಕದ್ದ ಮಾಲಿನಲ್ಲಿ ಕಾಲು ಚಾಚಿಕೊಂಡು ಟೀವಿ ನೋಡುತ್ತಿದ್ದಾರೆ! ಉಗ್ರಾಣಿಗಳ ಮೀಸೆ ಅದುರಿತು. ನಾಲ್ಕನ್ನೂ ಒಂದೊಂದಾಗಿ ಬ್ಲಾಕ್ ಮಾಡಿದರು. ಅಷ್ಟಕ್ಕೂ ಹೊಟ್ಟೆಯುರಿ ತಣಿಯದೆ ವೈಫೈ ಪಾಸ್‌ವರ್ಡನ್ನೇ ಬದಲಾಯಿಸಿದರು. ಹೊಸ ಪಾಸ್‌ವರ್ಡು, ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ: ಮೇಲಿನಮನೆಕಳ್ಳ.

ಕೋಣೆಯ ಬಾಗಿಲು ಧಡಾರನೆ ತೆರೆಯಿತು. ಹೆಂಡತಿಯ ಕೊರಳಲ್ಲಿ ಅಳತೆ ಟೇಪು, ಕಣ್ಣಲ್ಲಿ ಕೆಂಡ.

"ಏನ್ರೀ ಮಾಡಿದಿರಿ? ಫ್ರಾಕಿನ ಕತ್ತನ್ನ ಇಲ್ಲಿಂದ ಕತ್ತರಿಸಿ ಅಂದೆ. ಎಲ್ಲಿಗೆ ನಿಲ್ಲಿಸಬೇಕು ಅನ್ನೋಷ್ಟರಲ್ಲಿ ನೆಟ್ ಹೋಯ್ತು. ಅಲ್ಲಿ ಶಿಷ್ಯೆಯರೆಲ್ಲ ಕತ್ತರಿಸ್ತಾನೇ ಇದ್ದಾರೆ!"

ಉಗ್ರಾಣಿಗಳು ಉತ್ತರಿಸುವ ಮೊದಲೇ ಕರೆಗಂಟೆ ಮೊಳಗಿತು. ಹೊರಗೆ ಹಲ್ಲಿನ ಡಾಕ್ಟರು, ಅದೇ ನಗು.

"ಸಾರ್, ನಮ್ಮ ನೆಟ್ ಇದ್ದಕ್ಕಿದ್ದ ಹಾಗೆ ಹೋಯ್ತು. ನಿಮಗೆ ಬರ್ತಿದೆಯಾ?"

"ಕದಿಯೋದಲ್ಲದೆ ವಿಚಾರಿಸೋಕೆ ಬೇರೆ ಬಂದಿದ್ದೀರಲ್ಲ ಡಾಕ್ಟ್ರೇ, ಮಾನ ಮರ್ಯಾದೆ ಏನಾದ್ರೂ ಇದೆಯಾ?"

ಹೆಂಡತಿ ಹಣೆ ಚಚ್ಚಿಕೊಂಡರು. "ಅಯ್ಯೋ, ನಮ್ಮ ರೌಟರ್ ಸಿಡಿಲಿಗೆ ಸುಟ್ಟುಹೋಗಿ ತಿಂಗಳಾಯ್ತು. ಹೊಸದು ಬರೋವರೆಗೆ ನಮ್ಮದನ್ನೇ ಬಳಸ್ಕೊಳ್ಳಿ ಅಂತ ಈ ಡಾಕ್ಟ್ರೇ ಪಾಸ್‌ವರ್ಡ್ ಕೊಟ್ಟಿದ್ದು. ನಿಮ್ಮ ಫೋನಿಗೂ ನಾನೇ ಹಾಕಿದೆ. ಹೇಳಿದಾಗ ಪೇಪರಿಂದ ತಲೆ ಎತ್ತದೆ 'ಹೂಂ' ಅಂದಿರಿ."

ಉಗ್ರಾಣಿಗಳು ಶೋಕೇಸಿನ ಕಡೆ ನೋಡಿದರು. ಅಲ್ಲಿದ್ದ ರೌಟರ್‌ನಲ್ಲಿ ಒಂದು ದೀಪವೂ ಉರಿಯುತ್ತಿರಲಿಲ್ಲ. ಎರಡೂ ಮನೆಗೆ ಒಂದೇ ಕಂಪನಿಯ ರೌಟರ್, ಒಂದೇ ಅಡ್ಮಿನ್. ಅವರು ಡಾಕ್ಟರ ರೌಟರ್‌ಗೇ ನುಗ್ಗಿ ಡಾಕ್ಟರನ್ನೇ ಹೊರಗೆ ಹಾಕಿದ್ದರು.

ಆದರೂ ಸೋಲೊಪ್ಪಲು ಮನಸ್ಸು ಬರಲಿಲ್ಲ. "ಹಾಗಾದ್ರೆ ಅಡ್ಮಿನ್ ಅಂತಾನೇ ಇಟ್ಕೊಂಡವರದ್ದು ತಪ್ಪಲ್ವಾ?"

"ತಪ್ಪೇ ಸಾರ್. ಈಗ ಹೊಸ ವೈಫೈ ಪಾಸ್‌ವರ್ಡ್ ಹೇಳಿಬಿಡಿ, ಸಾಕು."

"ಫೋನ್ ಕೊಡಿ, ನಾನೇ ಹಾಕಿಕೊಡ್ತೀನಿ."

"ಬೇಗ ಹೇಳ್ರೀ, ಅಲ್ಲಿ ಕತ್ತರಿಸ್ತಿದ್ದಾರೆ!" ಎಂದರು ಹೆಂಡತಿ.

ಉಗ್ರಾಣಿಗಳು ಗೋಡೆ ನೋಡುತ್ತಾ ಹೇಳಿದರು. ಡಾಕ್ಟರು ನಗುತ್ತಲೇ ಇವರ ಫೋನ್ ಇಸಿದುಕೊಂಡು ನಾಲ್ಕಕ್ಕೂ ಬ್ಲಾಕ್ ತೆಗೆದರು. ಹೆಂಡತಿ ಕೋಣೆಗೆ ಓಡುವಷ್ಟರಲ್ಲಿ ಶಿಷ್ಯೆಯರ ಫ್ರಾಕುಗಳೆಲ್ಲ ಕತ್ತಿನಿಂದ ಅಂಚಿನವರೆಗೆ ಸೀಳಿಹೋಗಿದ್ದವು. ಆಕೆ ಉಸಿರು ಬಿಗಿಹಿಡಿದು, ಅಂದಿನ ಪಾಠವನ್ನು ಮುಂದೆ ಗುಂಡಿಯಿರುವ ಕೋಟು ಎಂದು ಬದಲಾಯಿಸಿದರು.

ಮರುದಿನ ಡಾಕ್ಟರು ಮೆಟ್ಟಿಲ ಹತ್ತಿರ ಸಿಕ್ಕರು. "ನಿಮ್ಮ ಮಾತು ಕೇಳಿ ಅಡ್ಮಿನ್ ತೆಗೆದುಬಿಟ್ಟೆ ಸಾರ್. ವೈಫೈಗೆ ಮಾತ್ರ ನೀವು ಇಟ್ಟಿದ್ದೇ ಇರಲಿ ಅಂತ ಬಿಟ್ಟೆ, ಚೆನ್ನಾಗಿ ನೆನಪಿರುತ್ತೆ. 'ಮೇಲಿನ' ಇದ್ದ ಕಡೆ 'ಕೆಳಗಿನ' ಅಂತ ಮಾಡಿದ್ದೀನಿ, ಅಷ್ಟೇ."

ವಾರ್ತೆಯ ಹೊತ್ತಾಗಿತ್ತು. ಉಗ್ರಾಣಿಗಳು ಸೋಫಾದಲ್ಲಿ ಕುಳಿತು ತಮ್ಮ ಕೈಯಾರೆ ಒಂದೊಂದೇ ಅಕ್ಷರ ಒತ್ತಿದರು: ಕೆಳಗಿನಮನೆಕಳ್ಳ. ಫೋನು ಒಂದು ಕ್ಷಣವೂ ಅನುಮಾನಿಸದೆ ಸರಿಯೆಂದು ಒಪ್ಪಿಕೊಂಡಿತು.