ವಾರದ ರಜೆ ತಪ್ಪಿಸೋಕೆ ಹೋದ ಅಧ್ಯಕ್ಷ

ನಾನು ಎಲ್ಲಿ ಕಾಲಿಟ್ರೂ ಎಂತಾದ್ರೂ ಒಂದು ಆಗೇ ಆಗ್ತದೆ. ಓದಿದ್ದು ನಾಲ್ಕನೇತಿ, ಅದೂ ಪೂರ್ತಿ ಅಲ್ಲ. ಆದ್ರೆ ಗಂಟಲು ದೇವ್ರು ಕೊಟ್ಟಿದ್ದು. ಕಿರವತ್ತಿಲಿ ಹೈವೇ ಪಕ್ಕ ನಮ್ಮ ಹೋಟ್ಲು. ಒಳಗಿಂದ "ಚಾ" ಅಂತ ಕೂಗಿದ್ರೆ ಹೋಗ್ತಿರೋ ಲಾರಿ ನಿಲ್ತದೆ. ಆ ಗಂಟಲು ನೋಡೇ ಶಿರಸಿ, ಸಿದ್ದಾಪುರ, ಯಲ್ಲಾಪುರದ ಸಣ್ಣ ಹೋಟ್ಲಿನವ್ರು ನನ್ನ ಸಂಘದ ಅಧ್ಯಕ್ಷ ಮಾಡಿದ್ದು.

ಕೆಲಸದವ್ರಿಗೆ ವಾರಕ್ಕೊಂದು ದಿನ ಸಂಬಳದ ರಜೆ ಕೊಡ್ಬೇಕು, ಕೆಲಸಕ್ಕೆ ಇಟ್ಕಂಡಿದ್ದಕ್ಕೆ ಕಾಗದ ಬರ್ದು ಕೊಡ್ಬೇಕು ಅಂತ ಕಾನೂನು ಬಿಗಿ ಆದಾಗ ಸಂಘದವ್ರು ಕಂಗಾಲು. ರಜೆ ದಿನಕ್ಕೆ ಬೇರೆ ಜನ ಹಾಕ್ಬೇಕು, ಆ ಖರ್ಚು ಯಾರು ಕೊಡ್ತಾರೆ? ನಾನು ಟೇಬಲ್ ಗುದ್ದಿ ಹೇಳ್ದೆ: "ಸಣ್ಣ ಹೋಟ್ಲಿಗೆ ವಿನಾಯ್ತಿ ತರ್ತೇನೆ. ತರದಿದ್ರೆ ಈ ಅಧ್ಯಕ್ಷನ ಕುರ್ಚಿ ಮೇಲೆ ಕೂರೂದಿಲ್ಲ."

ಮನವಿ ಕೊಡೋ ದಿನ

ಮನವಿ ನಾನೇ ಬಾಯಲ್ಲಿ ಹೇಳಿ ಬರೆಸ್ದೆ. "ನಮ್ಮ ಕೆಲಸದವ್ರು ರಜೆ ಕೇಳೂದೇ ಇಲ್ಲ" ಅಂತ ಮೊದಲ ಸಾಲು. ಎಲ್ರೂ ಚಪ್ಪಾಳೆ ಹೊಡದ್ರು.

"ಹಂಗಾದ್ರೆ ಸೋಮವಾರ ಶಿರಸಿ ಲೇಬರ್ ಆಫೀಸಿಗೆ ಹೋಗೂದು" ಅಂದೆ.

ಸಿದ್ದಾಪುರದವ್ನು ತಲೆ ಕೆರ್ಕಂಡ. "ಸೋಮವಾರ ಆಗೂದಿಲ್ಲ ಅಧ್ಯಕ್ಷರೇ, ನಮ್ಮ ದೋಸೆಯವ್ನು ಬರೂದಿಲ್ಲ."

"ಮಂಗಳವಾರ?"

ಯಲ್ಲಾಪುರದವ್ನು ಹೇಳ್ದ, "ನಮ್ಮ ಸಪ್ಲಾಯರ್ ಮಾವನ ಮನೆಗೆ ಹೋಗ್ತಾನಂತೆ."

ಬುಧವಾರ ನಮ್ಮ ಅಡಿಗೆ ಭಟ್ರೇ ಇರೂದಿಲ್ಲ. ಕಡೆಗೆ ಎಲ್ರೂ ತಮ್ಮ ತಮ್ಮ ಅಡಿಗೆಯವ್ರಿಗೆ ಫೋನ್ ಮಾಡಿ, ಅವ್ರು ಒಪ್ಪಿದ ದಿನ ನಾವು ರಜೆ ತಕ್ಕಂಡು ಹೋದ್ವಿ.

ಮನೆಯವ್ರು

ಆಫೀಸಲ್ಲಿ ಒಬ್ಳು ಮೇಡಮ್ಮು, ನನ್ನ ಮೊಮ್ಮಗಳ ವಯಸ್ಸು. "ಬರ್ರಿ ಅಜ್ಜಾ, ಕುತ್ಕೊಳ್ರಿ" ಅಂದ್ಳು. ನಾನು ಕೂರ್ಲಿಲ್ಲ. ನಿಂತ್ರೇ ನನ್ನ ಗಂಟಲು ಏಳೂದು.

"ನೋಡ್ರಿ ಮೇಡಮ್, ನಮ್ಮಲ್ಲಿ ಕೆಲಸದವ್ರೂ ಮನೆಯವ್ರೂ ಒಂದೇ. ಮನೆಯವ್ರಿಗೆ ಯಾರಾದ್ರೂ ಕಾಗದ ಬರ್ದು ಕೊಡ್ತಾರಾ?"

ಸಂಘದವ್ರೆಲ್ಲ "ಹೌದೌದು" ಅಂದ್ರು. ಆ ಹುಡುಗಿ ನಕ್ಕು ಒಂದು ಹಾಳೆ ಮುಂದಿಟ್ಲು. "ಆಯ್ತು ಅಜ್ಜಾ. ಕೆಲಸದವ್ರ ಹೆಸ್ರು ಹೇಳ್ರಿ, ಬರ್ಕೋತೀನಿ."

"ಅಡಿಗೆಗೆ ಭಟ್ರು. ಇಪ್ಪತ್ತು ವರ್ಷದಿಂದ ಅದಾರೆ."

"ಭಟ್ರ ಹೆಸ್ರು?"

"ಭಟ್ರು."

"ಮನೆಯವ್ರ ಹೆಸ್ರೇ ಗೊತ್ತಿಲ್ವಾ ಅಜ್ಜಾ?"

ನಾನು ಹೆಂಡತಿಗೆ ಫೋನ್ ಮಾಡಿ ಕೇಳೋಣ ಅಂತ ಹೊರಗೆ ಬಂದೆ. ತಿರುಗಿ ನೋಡಿದ್ರೆ ಇಡೀ ಸಂಘ ಫೋನ್ ಕಿವಿಗಿಟ್ಕಂಡು ನನ್ನ ಹಿಂದೇ ಬಂದಿತ್ತು.

ತಪಾಸಣೆ

"ನಿಮ್ಮ ಹೋಟ್ಲು ನೋಡೇ ವರದಿ ಬರೀತೀನಿ" ಅಂದಿದ್ಳು, ಬಂದೇ ಬಿಟ್ಳು. ಅವತ್ತು ಬುಧವಾರ, ಭಟ್ರು ಇಲ್ಲ. ನಾನೇ ಟವೆಲ್ ಸುತ್ಕಂಡು ಒಲೆ ಮುಂದೆ.

"ಭಟ್ರಿಲ್ದೆ ಹೆಂಗೆ ನಡೀತದೆ ಅಜ್ಜಾ?"

ನನ್ನ ಎದೆ ಉಬ್ಬಿತು. "ಬರ್ಕೊಳ್ಳಿ ಮೇಡಮ್. ಕೋಳಿ ಕೂಗೋ ಮೊದ್ಲು ಒಲೆ ಹಚ್ತೇನೆ. ದುಡ್ಡಿನ ಗಲ್ಲೆ ನಾನೇ, ಚಾ ನಾನೇ. ನಿಮ್ಮ ಆಫೀಸಿಗೆ ಬಂದ ದಿನ ಬಿಟ್ರೆ ಮೂವತ್ತು ವರ್ಷದಲ್ಲಿ ಒಂದಿನ ರಜೆ ತಕ್ಕಂಡವ ಅಲ್ಲ."

ಅವ್ಳು ಒಂದಕ್ಷರ ಬಿಡ್ದೆ ಬರ್ಕಂಡ್ಳು. ಆಮೇಲೆ ಗೋಡೆ ಮೇಲಿನ ಲೈಸೆನ್ಸ್ ನೋಡಿದ್ಳು. ಅದು ನನ್ನ ಹೆಂಡತಿ ಹೆಸ್ರಲ್ಲಿ ಅದೆ. ಮೇಡಮ್ಮು ಒಳಗಿದ್ದ ನನ್ನ ಹೆಂಡತಿ ಕಡೆ ತಿರುಗಿದ್ಳು.

"ಅಮ್ಮಾ, ಮಾಲೀಕರು ನೀವು. ನಿಮ್ಮಲ್ಲಿ ಒಬ್ರಿಗೆ ಮೂವತ್ತು ವರ್ಷದಿಂದ ರಜೆನೂ ಇಲ್ಲ, ಕಾಗದಾನೂ ಇಲ್ಲ."

"ಏ, ನಾನು ಗಂಡ. ಮನೆಯವ್ನು" ಅಂದೆ.

"ಕಾನೂನಲ್ಲಿ ಮನೆಯವ್ರು ಬೇರೆ, ಕೆಲಸದವ್ರು ಬೇರೆ ಅಜ್ಜಾ. ಆದ್ರೆ ಎರಡೂ ಒಂದೇ ಅಂತ ನೀವೇ ಹೇಳಿದ್ರಲ್ಲ."

ನನ್ನ ಹೆಂಡತಿ ಏಳನೇತಿ ಪಾಸು, ಅಕ್ಷರ ಚಂದ. ಅಲ್ಲೇ ಕೂತು ಬರ್ದೇ ಬಿಟ್ಳು: ಕೆಲಸ, ಒಲೆ, ಗಲ್ಲೆ ಮತ್ತು ಕೂಗೂದು. ವಾರದ ರಜೆ ಮಂಗಳವಾರ. ಕೆಳಗೆ ನನ್ನ ಕೈಲಿ ಸಹಿ ಹಾಕ್ಸಿದ್ಳು.

ಮುಂದಿನ ಮಂಗಳವಾರ ನಾನು ಹೊರಗೆ ಬೆಂಚಿನ ಮೇಲೆ ಉದ್ದಕ್ಕೆ ಮಲಗಿದ್ದೆ. ನಿಜ ಹೇಳ್ತೇನೆ, ಸೊಂಟಕ್ಕೆ ಸುಖ ಅನ್ನಿಸ್ತಿತ್ತು. ಒಳಗೆ ಫೋನ್ ಬಂತು. ಸಿದ್ದಾಪುರದವ್ನ ದನಿ ಹೊರಗೂ ಕೇಳ್ತಿತ್ತು.

"ಅಧ್ಯಕ್ಷರ್ನ ಕೊಡ್ರಿ ಅಕ್ಕಾ. ವಾರದ ರಜೆ ತಪ್ಸಿದ್ರೋ ಇಲ್ವೋ, ಇವತ್ತೇ ಗೊತ್ತಾಗ್ಬೇಕು. ಇಲ್ಲಾಂದ್ರೆ ಕುರ್ಚಿ ಬಿಡ್ಲಿ."

ನನ್ನ ಹೆಂಡತಿ ಅಂದ್ಳು, "ನಾಳೆ ಮಾಡಿ ತಮ್ಮಾ. ಅವ್ರಿಗೆ ಇವತ್ತು ವಾರದ ರಜೆ."