ಚುಕ್ಕಿ ದೊಡ್ಡದಾಗಿ ಕಂಡ ತಪ್ಪಿಗೆ

ಮಾನ್ಯ ಕ್ವಾಂಟಮ್ ಚುಕ್ಕಿಯವರೇ,

ಧೂಳಿನ ಕಣವೇ ಗುಡ್ಡವೆನಿಸುವಷ್ಟು ಸಣ್ಣವರಾದ, ನೀಲಿ ಬೆಳಕು ಬಿದ್ದರೆ ಕೆಂಪಗೆ ಹೊಳೆಯುವ ತಮ್ಮ ಸನ್ನಿಧಾನಕ್ಕೆ ಜೇವರ್ಗಿಯ ಒಂದು ಖಾಸಗಿ ಕಾಲೇಜಿನ ಪ್ರಯೋಗಾಲಯದಿಂದ ಸಾಷ್ಟಾಂಗ ನಮಸ್ಕಾರಗಳು.

ಆಳಂದ, ಅಫಜಲಪುರದ ಹೊಲಗಳಿಂದ ಬಂದ ತೊಗರಿ ಬೇರುಗಳಿಗೆ ಹೊಳೆಯುವ ಬಣ್ಣ ಹಚ್ಚಿ, ಗಿಡವನ್ನೇ ಒಣಗಿಸುವ ನೆಟೆ ರೋಗದ ಶಿಲೀಂಧ್ರ ಯಾವ ತಳಿಯೊಳಗೆ ಹೊಕ್ಕಿದೆ, ಯಾವುದರ ಹೊರಗೇ ನಿಂತಿದೆ ಎಂದು ಹೇಳುವುದು ನನ್ನ ಕೆಲಸ. ರೈತರು ಆ ಮಾತು ನಂಬಿ ಬಿತ್ತುತ್ತಾರೆ. ಅದಕ್ಕೆಂದೇ ಬಂದ ಹೊಸ ಸೂಕ್ಷ್ಮದರ್ಶಕದ ಮಸೂರಕ್ಕೆ, ಆಯುಧಪೂಜೆಯ ದಿನ ನಮ್ಮ ಕಾಲೇಜಿನ ಅಧ್ಯಕ್ಷ ಕಲ್ಯಾಣಪ್ಪನವರು ಟ್ರ್ಯಾಕ್ಟರಿಗೆ ಬಳಿದ ಕೈಯಲ್ಲೇ ಮೂರು ಬೆರಳು ವಿಭೂತಿ ಬಳಿದರು. ಮಸುಕಾಯಿತೆಂದು ಹೆಗಲ ಟವೆಲ್ಲಿನಿಂದ ಗಸಗಸನೆ ತಿಕ್ಕಿ ಗೀರೂ ಮೂಡಿಸಿ ಕೊಟ್ಟರು.

ಆಮೇಲೆ ಯಂತ್ರದ ಕಣ್ಣು ಪರೀಕ್ಷಿಸಲು ತಮ್ಮನ್ನು ಗಾಜಿನ ಮೇಲೆ ಕೂರಿಸಿದ್ದೇ ನನ್ನ ಗ್ರಹಚಾರ. ಮಸೂರ ಚೊಕ್ಕಟವಿದ್ದರೆ ತಾವು ಸಣ್ಣ ಬಿಂದುವಾಗಿ ಕಾಣಬೇಕು. ತಾವು ಹರಡಿದಷ್ಟೂ ಯಂತ್ರದ ದೃಷ್ಟಿ ಮಂದವೆಂದು ಅರ್ಥ. ತಾವೋ ಬುಂದಿ ಲಾಡುವಿನಂತೆ ಊದಿ, ಪಕ್ಕದ ಚುಕ್ಕಿಯ ಮೈಮೇಲೆ ಬಿದ್ದು, ಇಬ್ಬರೂ ಒಬ್ಬರೇ ಆಗಿಬಿಟ್ಟಿರಿ. ಉದ್ಘಾಟನೆಗೆ ಮೊದಲು ಯಂತ್ರ ಸರಿಯಿದೆಯೆಂಬ ಪ್ರಮಾಣಪತ್ರಕ್ಕೆ ನಾನು ಸಹಿ ಮಾಡಿದರೆ ಬೇರಿನ ಹೊರಗಿನ ರೋಗವೂ ಒಳಗೇ ಕಂಡು ಒಳ್ಳೆಯ ತಳಿ ತಿಪ್ಪೆಗೆ ಹೋಗುತ್ತದೆ; ಮಾಡದಿದ್ದರೆ ನನ್ನ ನೌಕರಿ ಹೋಗುತ್ತದೆ. ನನಗೆ ಹೆದರಿಕೆಯೂ ಇದೆ, ಸಿಟ್ಟೂ ಬಂದಿದೆ.

ತಮ್ಮ ಸತ್ಯನಿಷ್ಠೆ ದೊಡ್ಡದೇ. ಆದರೆ ನಾಲ್ಕು ಜನರ ನಡುವೆ ಬಾಳುವವರಿಗೆ ಸ್ವಲ್ಪ ದಾಕ್ಷಿಣ್ಯ ಬೇಡವೇ? ಹೇಗೂ ಮಿಣುಕಿ ಮಿಣುಕಿ ಆರುವ ತಾವು ನಮ್ಮೂರ ಕರೆಂಟಿನ ಬೀಗರು. ಉದ್ಘಾಟನೆಯ ಹೊತ್ತಿಗೆ ಪೂರ್ತಿ ಆರಿಬಿಡಬಾರದೇ? ಇಲ್ಲವೇ ಅಧ್ಯಕ್ಷರ ಮಾನಕ್ಕಾಗಿ ಹೊಟ್ಟೆ ಒಳಗೆಳೆದುಕೊಂಡು ಕೂರಬಾರದೇ?

ತಾವು ಒಪ್ಪಲಿಲ್ಲ. ಸರಿ, ಸಹಿ ಹಾಕಲು ನಾನೂ ಒಪ್ಪಲಿಲ್ಲ. ಪ್ರಮಾಣಪತ್ರದಲ್ಲಿ ಸಹಿಯ ಜಾಗಕ್ಕೆ ತಮ್ಮ ಊದಿದ ಭಾವಚಿತ್ರವನ್ನೇ ಅಂಟಿಸಿ ಅಧ್ಯಕ್ಷರಿಗೆ ಕೊಟ್ಟೆ. ಅವರು ಕಣ್ಣರಳಿಸಿ, “ಕಣ್ಣಿಗೇ ಕಾಣದ್ದು ಇಷ್ಟ್ ದೊಡ್ಡದು ಕಾಣಾಕತ್ತದಲ್ರಿ ಮೇಡಂ! ಇದಕ್ಕಿಂತ ಚಲೋ ಮಷೀನ್ ಎಲ್ಲಿ ಸಿಗ್ತದ?” ಎಂದು ಹಿಗ್ಗಿದರು. ಹಾಗಲ್ಲವೆಂದು ಬಿಡಿಸಿ ಹೇಳಿದೆ. ಮರುದಿನವೇ ನನ್ನನ್ನು ಗ್ರಂಥಾಲಯಕ್ಕೆ ಹಾಕಿದರು. ತೊಗರಿ ಬೇರುಗಳ ಕಪಾಟಿಗೆ ಬೀಗ ಜಡಿದೇ ಬಂದಿದ್ದೇನೆ. ಮಸೂರ ಬದಲಾಗುವವರೆಗೆ ಕೀಲಿ ಯಾರಿಗೂ ಕೊಡುವುದಿಲ್ಲ.

ತಮ್ಮಷ್ಟೇ ಹಠಮಾರಿಯಾದ,
ತಮ್ಮ ವಿಶ್ವಾಸಿ,
ಸಪ್ನಾ

ತಾ.ಕ.: ತಮ್ಮ ಚಿತ್ರವೀಗ ಜೇವರ್ಗಿ ಬಸ್ ನಿಲ್ದಾಣದೆದುರು ಉದ್ಘಾಟನೆಯ ಬ್ಯಾನರಿನಲ್ಲಿದೆ, ಪಕ್ಕದಲ್ಲಿ ಅಷ್ಟೇ ದೊಡ್ಡದಾಗಿ ಅಧ್ಯಕ್ಷರದು. ಇಬ್ಬರಲ್ಲಿ ಯಾರು ನಿಜದ ಅಳತೆಗಿಂತ ಹೆಚ್ಚು ಊದಿದ್ದೀರೆಂದು ನೋಡುವವರೇ ಹೇಳಲಿ. ಅಳೆಯುವ ಕೆಲಸ ಈಗ ನನ್ನದಲ್ಲ.