ಬುಡ್ಡಿ ಎತ್ತುವ ಡ್ರಿಲ್ಲು

ನಮ್ಮ ಮಾವನವರಿಗೆ ಇಬ್ಬರು ಹೆಂಡಿರು ಎಂದರೆ ನೀವು ನಂಬಲಿಕ್ಕಿಲ್ಲ. ಒಬ್ಬರು ನಮ್ಮ ಅತ್ತೆ. ಇನ್ನೊಬ್ಬಳು ಗಾಜಿನವಳು. ಗುಡಾಣದಂಥ ಹೊಟ್ಟೆ, ಗೇಣುದ್ದ ಕುತ್ತಿಗೆ, ತುಂಬಿದರೆ ಒಬ್ಬರಿಂದ ಎತ್ತಲಾಗದ ಭಾರ. "ನನ್ನ ಸವತಿ" ಎಂದೇ ಅತ್ತೆ ಆ ಬುಡ್ಡಿಯನ್ನು ಕರೆಯುತ್ತಿದ್ದರು. ಅದಕ್ಕಿರುವ ಜೋಪಾನ ತನಗಿಲ್ಲ ಎಂಬುದು ಅವರ ಕಾಯಂ ತಕರಾರು.

ಮಾವನವರು ಬಿಜಾಪುರದ ಕಡೆಯ ಇಂಡಿ ಊರಿನ ಶಾಲೆಯೊಂದರಲ್ಲಿ ಡ್ರಿಲ್ ಮಾಸ್ತರರಾಗಿ ನಿವೃತ್ತರಾದವರು. ಎಪ್ಪತ್ತರ ದಶಕದಲ್ಲಿ ನಾನು ಸೊಸೆಯಾಗಿ ಬಂದಾಗ, ಹಿತ್ತಲ ಚಪ್ಪರದ ದ್ರಾಕ್ಷಿ ಕಿವುಚಿ, ಬೆಲ್ಲ ಬೆರೆಸಿ, ಬುಡ್ಡಿಯಲ್ಲಿ ಹುಳಿ ಬರಿಸುತ್ತಿದ್ದರು. ಯಾರಾದರೂ ಅದನ್ನು ವೈನು ಅಂದರೋ, ಮುಗಿಯಿತು. "ದ್ರಾಕ್ಷಾಸವ ಅನ್ರಿ. ಔಷಧ ಐತಿ ಅದು" ಎಂದು ಕಣ್ಣು ಕೆಂಪಗೆ ಮಾಡುತ್ತಿದ್ದರು. ಔಷಧವೇ ಇರಬೇಕು. ಹೂವಿನ ಹಿಪ್ಪರಗಿಯ ನಮ್ಮ ಬೀಗರಿಗೆ ನಮ್ಮ ಹೊಸ್ತಿಲು ದಾಟಿದ ಕೂಡಲೇ ಹೊಟ್ಟೆ ನುಲಿಯುತ್ತಿತ್ತು, ಎರಡು ಲೋಟದ ನಂತರ ನೆಟ್ಟಗಾಗುತ್ತಿತ್ತು!

ಬುಡ್ಡಿ ಮನೆಗೆ ಬಂದ ಕಥೆಯನ್ನು ಅತ್ತೆ ಹೇಳಬೇಕು, ನಾವು ಕೇಳಬೇಕು. ಗಂಡ ಹೆಂಡತಿ ಸೋಲಾಪುರಕ್ಕೆ ಹೋಗಿ ಕೊಂಡು ತಂದದ್ದು. ಬಸ್ಸು ತುಂಬಿ ತುಳುಕುತ್ತಿತ್ತು. ಸಿಕ್ಕಿದ್ದು ಎರಡೇ ಸೀಟು. ಕಿಟಕಿಯ ಪಕ್ಕ ಬುಡ್ಡಿ, ಅದನ್ನು ತಬ್ಬಿಕೊಂಡು ಮಾವನವರು.

"ಮಾಸ್ತರ್ರ, ಹೆಣ್ಣಮಗಳು ನಿಂತಾಳಲ್ರಿ" ಎಂದನಂತೆ ಕಂಡಕ್ಟರ.

"ಬುಡ್ಡಿ ಅಳ್ಳಾಡಿದ್ರ ಒಡಿತೈತಿ. ಆಕಿ ಏನು ಒಡಿಯಾಂಗಿಲ್ಲ" ಎಂದರಂತೆ ಮಾವನವರು.

ಇಂಡಿಯವರೆಗೂ ಸವತಿ ಕುಂತು ಬಂದಳು, ಅತ್ತೆ ನಿಂತು ಬಂದರು.

ವರ್ಷಕ್ಕೊಮ್ಮೆ, ಬೇಸಿಗೆ ಬಲಿಯುವ ಮೊದಲು, ತುಂಬಿದ ಬುಡ್ಡಿಯನ್ನು ಪಡಸಾಲೆಯಿಂದ ಒಳಗಿನ ತಣ್ಣನೆಯ ಕೋಣೆಗೆ ಸಾಗಿಸಬೇಕು. ತಳದ ಗಸಿ ಕದಡಬಾರದು. ದಪ್ಪ ಗೋಣಿತಟ್ಟಿನ ನಡುವೆ ಬುಡ್ಡಿ, ನಾಲ್ಕು ಮೂಲೆಗೆ ನಾಲ್ವರು: ನನ್ನ ಗಂಡ, ನಾನು, ಪಕ್ಕದ ಮನೆಯ ಹಮಾಲ ಹುಸೇನಸಾಬ, ಮತ್ತು ನಾಲ್ಕನೆಯ ಮೂಲೆಗೆ ಅತ್ತೆ. ಮಾವನವರು? ಅವರು ಬಾಯಲ್ಲಿ ಸೀಟಿ ಇಟ್ಟುಕೊಂಡು ಮುಂದೆ ನಡೆಯುವವರು. ಒಂದು ಸೀಟಿಗೆ ಕೂರಬೇಕು, ಎರಡಕ್ಕೆ ಏಳಬೇಕು. ಒದ್ದೆ ಕೈ ಕೂಡದು. ಕುತ್ತಿಗೆ ಹಿಡಿಯಕೂಡದು. ಸೊಂಟ ಬಗ್ಗಿಸದೆ ಮೊಣಕಾಲು ಮಡಚಬೇಕು. ನಗಲೇಬಾರದು.

"ದಿನಾ ಕ್ವಿಂಟಲ್ ಚೀಲ ಎತ್ತತೇನ್ರಿ, ನನಗ ಯಾರೂ ಮೊಣಕಾಲು ಮಡಚೂದು ಕಲಿಸಿದ್ದಿಲ್ಲ" ಎಂದು ಹುಸೇನಸಾಬ ಗೊಣಗುತ್ತಿದ್ದ.

"ಚೀಲ ಬಿದ್ರ ಜ್ವಾಳ ಚೆಲ್ಲತೈತಿ, ಬಳಕೋಬಹುದು. ಇದು ಬಿದ್ರ?" ಎನ್ನುತ್ತಿದ್ದರು ಮಾವನವರು.

ಬರಿಗೈಯಲ್ಲಿ ಎರಡು ತಾಲೀಮು ಆದ ಮೇಲೆಯೇ ನಿಜವಾದ ಎತ್ತುವಿಕೆ. ಹೊಸ ಸೀರೆಯಲ್ಲಿ ನಾನು ಬೈಠಕ್ ಹೊಡೆದದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಹೀಗೆ ಐದಾರು ವರ್ಷ ನಡೆಯಿತು. ಒಂದು ಮುಂಜಾನೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ತೊಡೆಯ ಎಲುಬು ಮುರಿದಿತ್ತು. ಬಿಜಾಪುರದ ದವಾಖಾನೆಗೆ ಒಯ್ಯಲು ಬಾಗಿಲಿಗೆ ಟೆಂಪೋ ಬಂತು. ಓಡಿ ಬಂದ ನೆರೆಯವರೊಬ್ಬರು ರಟ್ಟೆ ಹಿಡಿದು ಎಬ್ಬಿಸಲು ಹೋದಾಗ ಅತ್ತೆ ಚೀರಿದರು.

"ಬಿಡ್ರಿ! ಹಂಗ ಎತ್ತಬಾರದು" ಎಂದು ಗದರಿದವನು ಹುಸೇನಸಾಬ.

ಜಮಖಾನೆಯನ್ನು ಮೆಲ್ಲಗೆ ಅವರ ಕೆಳಗೆ ಸರಿಸಿದೆವು. ಯಾರೂ ಹೇಳದೆ ನಾನು ಸೆರಗಿಗೆ ಕೈ ಒರೆಸಿಕೊಂಡೆ. ಮೂವರೂ ನಮ್ಮ ನಮ್ಮ ಮೂಲೆ ಹಿಡಿದು ಮೊಣಕಾಲು ಮಡಚಿದೆವು. ನಾಲ್ಕನೆಯ ಮೂಲೆ ಖಾಲಿ ಇತ್ತು. ಅದು ಅತ್ತೆಯ ಮೂಲೆ.

ಮಾವನವರು ಸೀಟಿ ಬಾಯಿಗಿಟ್ಟುಕೊಂಡರು. ಉಸಿರೇ ಹೊರಡಲಿಲ್ಲ.

"ತರ್ರಿ ಇಲ್ಲೆ" ಎಂದು ಅತ್ತೆ ಮಲಗಿದಲ್ಲಿಂದಲೇ ಕೈ ಚಾಚಿ ಸೀಟಿ ಇಸಿದುಕೊಂಡರು. ಮಾವನವರು ಬಂದು ನಾಲ್ಕನೆಯ ಮೂಲೆ ಹಿಡಿದರು. ಡ್ರಿಲ್ ಕಲಿಸಿದವರು ಡ್ರಿಲ್ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅತ್ತೆ ಹಲ್ಲು ಕಚ್ಚಿ ಎರಡು ಸಲ ಊದಿದರು. ನಾವು ಎದ್ದೆವು. ಬಚ್ಚಲಿನಿಂದ ಬಾಗಿಲ ತನಕ ಅವರ ಕೊರಳಿನ ತಾಳಿಯ ಗುಂಡು ಕೂಡ ಅಲುಗಲಿಲ್ಲ.

ಟೆಂಪೋದಲ್ಲಿ ನಾನೂ ಹತ್ತಿದೆ. ಬದಿಯ ಹಲಗೆಯ ಮೇಲೆ ಜಾಗವಿತ್ತು. ಮಾವನವರು ಮಾತ್ರ ತಲೆ ತಗ್ಗಿಸಿ, ಕಂಬಿ ಹಿಡಿದು ನಿಂತೇ ಇದ್ದರು.

"ಕುಂಡ್ರರಿ, ಬಿಜಾಪುರ ದೂರ ಐತಿ" ಎಂದರು ಅತ್ತೆ.

"ಇರಲಿ" ಎಂದರು ಮಾವನವರು. "ನೀ ಸೋಲಾಪುರದಿಂದ ನಿಂತು ಬಂದಿದ್ದಿ."